ಮಾತ್ರೆಯೋ, ಇಂಜೆಕ್ಷನ್ನೋ, ತಾಂಬಿಯೋ: ಸ್ತನ ಕ್ಯಾನ್ಸರಿನ ಅಳುಕಿರುವವರಿಗೆ ಒಂದು ಹೋಲಿಕೆ

ಡೊಂಬಿವಲಿಯಲ್ಲಿರುವ 38ರ ಇಬ್ಬರು ಮಕ್ಕಳ ತಾಯಿ, ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ 24ರ ಹುಡುಗಿ, ವಾಸ್ಕೋ ಬಳಿಯ ಝುವಾರಿನಗರದಲ್ಲಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡಿರುವ ಬಾಣಂತಿ. ಎಲ್ಲರೂ ಕೇಳುವುದು ಒಂದೇ: "ಮಾತ್ರೆ ತಗೊಂಡ್ರೆ ಎದೆಯ ಕ್ಯಾನ್ಸರ್ ಬರ್ತದಂತೆ, ಹೌದಾ? ಹಾಗಾದ್ರೆ ಏನು ತಗೋಬೇಕು?" ಮಾತ್ರೆ ಎಂದರೆ ಇಲ್ಲಿ ಗರ್ಭನಿರೋಧಕ ಮಾತ್ರೆ, ತಾಂಬಿ ಎಂದರೆ ಗರ್ಭ ತಡೆಯಲು ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿ. ಪ್ರಶ್ನೆ ಒಂದಾದರೂ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಮಾತ್ರೆ, ಇಂಜೆಕ್ಷನ್ನಿನಲ್ಲಿರುವ ಹಾರ್ಮೋನಿನಿಂದ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚುವುದು ನಿಜ. ಆದರೆ ಆ "ಸ್ವಲ್ಪ" ಎಷ್ಟೆಂಬುದು ಹೆಚ್ಚುಕಡಿಮೆ ನಿಮ್ಮ ವಯಸ್ಸಿನ ಮೇಲೆ ನಿಂತಿದೆ. 24ಕ್ಕೆ ಚಿಂತೆ ಮಾಡಬೇಕಿಲ್ಲದ್ದು 40ಕ್ಕೆ ಲೆಕ್ಕ ಹಾಕಬೇಕಾದದ್ದು.

ಎಲ್ಲಕ್ಕಿಂತ ಕೆಟ್ಟ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಯಾರೋ ಹೇಳಿದ್ದನ್ನು ಕೇಳಿ ಮಾತ್ರೆಯ ಪಟ್ಟಿಯನ್ನು ಅರ್ಧಕ್ಕೇ ಬಿಸಾಡಿ, ಬದಲಿಗೆ ಏನನ್ನೂ ಬಳಸದೆ ಇರುವುದು. ಅದರ ಫಲ ಹಲವು ಬಾರಿ ಬೇಡದ ಬಸಿರು, ಮೆಡಿಕಲ್ ಅಂಗಡಿಯಿಂದ ತಂದು ಕದ್ದು ನುಂಗುವ ಗರ್ಭಪಾತದ ಮಾತ್ರೆ, ನಿಲ್ಲದ ರಕ್ತಸ್ರಾವ.

ಆರಿಸುವ ಮುನ್ನ ನೋಡಿಕೊಳ್ಳಬೇಕಾದದ್ದು

ವಯಸ್ಸಿನ ಮಾತು ಬಂತು. ಅದರ ನಂತರದ್ದು ನಿಮ್ಮದೇ ಸ್ತನದ ಚರಿತ್ರೆ: ಹಿಂದೆ ಕ್ಯಾನ್ಸರ್ ಆಗಿತ್ತೇ, ಈಗ ಕೈಗೆ ಸಿಗುವ ಗಂಟು ಇದೆಯೇ, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಬಂದಿತ್ತು.

ಮೂರನೆಯದನ್ನು ಸ್ತನದ ಭಯದಲ್ಲಿ ಮರೆತುಬಿಡುವವರೇ ಹೆಚ್ಚು. ಅದು ರಕ್ತನಾಳದ ವಿಷಯ. ಸಾಮಾನ್ಯ ಮಾತ್ರೆಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿರುತ್ತವೆ. ಈಸ್ಟ್ರೋಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಮತ್ತು ಮಾತ್ರೆಯಿಂದ ತಕ್ಷಣದ ಪ್ರಾಣಾಪಾಯ ಆಗುವುದಾದರೆ ಇಲ್ಲಿಂದಲೇ. ಬಿಪಿ 140/90 ದಾಟಿದವರು, 35 ಕಳೆದು ಸಿಗರೇಟು ಸೇದುವವರು, ಹಿಂದೊಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚಿನ ಗೆರೆ ಓಡುವ ಮೈಗ್ರೇನ್ ಇರುವವರು ಈ ಮಾತ್ರೆಯ ದಾರಿ ಬಿಡಬೇಕು. ಮಾತ್ರೆ ಶುರುಮಾಡುವ ಮುನ್ನ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಬೇಕಿಲ್ಲ, ಬಿಪಿ ನೋಡಿಸಲೇಬೇಕು. ಇಷ್ಟು ಸಣ್ಣ ಕೆಲಸವನ್ನು ಬಿಟ್ಟು ಅಂಗಡಿಯಿಂದ ನೇರ ಪಟ್ಟಿ ಕೊಳ್ಳುವುದು ನಮಗೆ ತೀರಾ ಬೇಸರ ತರುವ ಸಂಗತಿ.

ಇನ್ನುಳಿದದ್ದು ದಿನನಿತ್ಯದ ವಿಚಾರ. ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ, ಇನ್ನೆಷ್ಟು ವರ್ಷ ಮಗು ಬೇಡ, ಶಿಫ್ಟು ಮತ್ತು ಲೋಕಲ್ ರೈಲಿನ ಓಡಾಟದ ನಡುವೆ ದಿನಾ ಒಂದೇ ಹೊತ್ತಿಗೆ ಮಾತ್ರೆ ನೆನಪಾಗುತ್ತದೆಯೇ, ಕೈಯಲ್ಲಿ ದುಡ್ಡೆಷ್ಟು.

ಅಪಾಯ ನಿಜವಾಗಿ ಎಷ್ಟು

1996ರಲ್ಲಿ 25 ದೇಶಗಳ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಸ್ತನ ಕ್ಯಾನ್ಸರ್ ಪತ್ತೆಯಾಗುವ ಸಂಭವ ಶೇಕಡಾ 24ರಷ್ಟು ಹೆಚ್ಚು. ನಿಲ್ಲಿಸಿದ ಮೇಲೆ ಅದು ಇಳಿಯುತ್ತ ಬಂದು 10 ವರ್ಷದ ನಂತರ ಕಾಣದಂತಾಗುತ್ತದೆ. 2017ರಲ್ಲಿ ಡೆನ್ಮಾರ್ಕಿನ 18 ಲಕ್ಷ ಹೆಂಗಸರ ದಾಖಲೆಗಳಿಂದ ಬಂದ ಉತ್ತರವೂ ಅದರ ಹತ್ತಿರದ್ದೇ: ಒಟ್ಟಾರೆ ಶೇಕಡಾ 20 ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಬಳಸಿದವರಲ್ಲಿ ಶೇಕಡಾ 9, ಹತ್ತು ವರ್ಷ ಮೀರಿದವರಲ್ಲಿ ಶೇಕಡಾ 38.

ಶೇಕಡಾ 20 ಅಂದರೆ 100 ಜನರಲ್ಲಿ 20 ಮಂದಿಗೆ ಕ್ಯಾನ್ಸರ್ ಎಂದಲ್ಲ. ಮೊದಲೇ ಇದ್ದ ಸಂಭವದ ಮೇಲೆ ಐದನೇ ಒಂದರಷ್ಟು ಸೇರಿತು ಎಂದರ್ಥ. ಡೆನ್ಮಾರ್ಕಿನ ಲೆಕ್ಕದಲ್ಲಿ ಹಾರ್ಮೋನು ಬಳಸುವ ಸುಮಾರು 7,690 ಹೆಂಗಸರಿಗೆ ವರ್ಷಕ್ಕೆ ಒಂದು ಪ್ರಕರಣ ಹೆಚ್ಚು. 35ರ ಒಳಗಿನವರನ್ನಷ್ಟೇ ತೆಗೆದುಕೊಂಡರೆ ಒಂದು ಲಕ್ಷಕ್ಕೆ ವರ್ಷಕ್ಕೆ 2.

2023ರಲ್ಲಿ ಆಕ್ಸ್‌ಫರ್ಡಿನ ತಂಡ ಬ್ರಿಟನ್ನಿನ ದಾಖಲೆಗಳಿಂದ ವಯಸ್ಸಿನ ಲೆಕ್ಕವನ್ನು ಇನ್ನಷ್ಟು ಸ್ಪಷ್ಟ ಮಾಡಿತು. 16ರಿಂದ 20ರ ನಡುವೆ ಐದು ವರ್ಷ ಬಳಸಿದರೆ, ಮುಂದಿನ 15 ವರ್ಷಗಳಲ್ಲಿ ಒಂದು ಲಕ್ಷ ಜನರಲ್ಲಿ 8 ಪ್ರಕರಣ ಹೆಚ್ಚು. ಅದೇ ಐದು ವರ್ಷ 35ರಿಂದ 39ರಲ್ಲಿ ಬಳಸಿದರೆ ಲಕ್ಷಕ್ಕೆ 265, ಅಂದರೆ ಸುಮಾರು 380 ಮಂದಿಗೆ ಒಬ್ಬರು. ಇವೆಲ್ಲ ಶ್ರೀಮಂತ ದೇಶಗಳ ಅಂಕಿಗಳು. ಭಾರತದಲ್ಲಿ ಸ್ತನ ಕ್ಯಾನ್ಸರಿನ ಮೂಲ ಪ್ರಮಾಣವೇ ಅಲ್ಲಿಗಿಂತ ಬಹಳ ಕಡಿಮೆಯಾದ್ದರಿಂದ ಇಲ್ಲಿ ಸೇರುವ ಪಾಲೂ ಚಿಕ್ಕದು. ಆದರೂ ಮುಂಬೈಯಂಥ ಊರಿನಲ್ಲಿ ಹಳ್ಳಿಗಿಂತ ಹೆಚ್ಚು ಎಂಬುದನ್ನು ಮರೆಯುವ ಹಾಗಿಲ್ಲ. ತಡವಾದ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಕಡಿಮೆ ತಿಂಗಳ ಎದೆಹಾಲು, ಏರುವ ತೂಕ ಇದಕ್ಕೆ ಕಾರಣಗಳು.

ಆಕ್ಸ್‌ಫರ್ಡಿನ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಆಯ್ಕೆಗೆ ಹೆಚ್ಚು ಮುಖ್ಯವಾದದ್ದು. ಈಸ್ಟ್ರೋಜೆನ್ ಇಲ್ಲದ, ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆ, ಇಂಜೆಕ್ಷನ್, ತೋಳಿನ ಚರ್ಮದಡಿ ಇಡುವ ಕಡ್ಡಿ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ವಂಕಿ ಎಲ್ಲದರಲ್ಲೂ ಅಪಾಯ ಶೇಕಡಾ 20ರಿಂದ 30ರ ಆಸುಪಾಸಿನಲ್ಲೇ ಹೆಚ್ಚಿತ್ತು. "ಈಸ್ಟ್ರೋಜೆನ್ ಇಲ್ಲ, ಹಾಗಾಗಿ ಎದೆಗೆ ಏನೂ ಆಗೊಲ್ಲ" ಎಂಬ ಹಳೆಯ ಸಮಾಧಾನ ಈಗ ನಿಲ್ಲುವುದಿಲ್ಲ. ಈ ಭಯಕ್ಕಾಗಿ ಮಾತ್ರೆ ಬಿಟ್ಟು ಇಂಜೆಕ್ಷನ್ನಿಗೆ ಹೋದರೆ ಸ್ತನದ ಮಟ್ಟಿಗೆ ಏನೂ ಗಳಿಸಿದಂತಾಗದು.

ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯ. ಮಾತ್ರೆ ಅಂಡಾಶಯದ ಮತ್ತು ಗರ್ಭಕೋಶದ ಒಳಪೊರೆಯ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆ. ಐದೈದು ವರ್ಷದ ಬಳಕೆಗೆ ಅಂಡಾಶಯದ ಕ್ಯಾನ್ಸರ್ ಸುಮಾರು ಐದನೇ ಒಂದರಷ್ಟು, ಗರ್ಭಕೋಶದ್ದು ಸುಮಾರು ಕಾಲು ಭಾಗದಷ್ಟು ಇಳಿಯುತ್ತದೆ. ನಿಲ್ಲಿಸಿದ ಮೇಲೂ ಈ ರಕ್ಷಣೆ ದಶಕಗಳವರೆಗೆ ಉಳಿಯುತ್ತದೆ, ಸ್ತನದ ಅಪಾಯ ಮಾತ್ರ ಕರಗುತ್ತ ಹೋಗುತ್ತದೆ. ಚಿಕ್ಕ ವಯಸ್ಸಿನವರಿಗೆ ತಕ್ಕಡಿ ಮಾತ್ರೆಯ ಕಡೆಗೇ ವಾಲುವುದು ಇದರಿಂದ.

ಎರಡು ಹಾರ್ಮೋನಿನ ಮಾತ್ರೆ

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್, ಅಂಗಡಿಯಲ್ಲಿ ಹೆಸರಿಗಷ್ಟೇ ಬೆಲೆಯಿರುವ ಮಾಲಾ-ಡಿ ಎರಡರಲ್ಲೂ ಇರುವುದು ಒಂದೇ: 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಿಯಾಲ್ ಎಂಬ ಈಸ್ಟ್ರೋಜೆನ್. 28 ಮಾತ್ರೆಯಲ್ಲಿ 21 ಹಾರ್ಮೋನಿನದು, 7 ಕಬ್ಬಿಣದ್ದು. ಹಲವು ನೂರು ರೂಪಾಯಿಯ ಹೊಸ ಬಗೆಯ ಮಾತ್ರೆಗಳು ಮೊಡವೆಗೋ ಮುಖದ ಕೂದಲಿಗೋ ಹೆಚ್ಚು ಒಗ್ಗಬಹುದು. ಸ್ತನಕ್ಕೆ ಅವು ಸುರಕ್ಷಿತ ಎನ್ನಲು ಆಧಾರವಿಲ್ಲ. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಂತೂ ಡ್ರೊಸ್ಪಿರಿನೋನ್, ಸಿಪ್ರೊಟೆರೋನ್ ಎಂಬ ಪ್ರೊಜೆಸ್ಟಿನ್ ಇರುವವಕ್ಕಿಂತ ಹಳೆಯ ಲೆವೊನಾರ್ಜೆಸ್ಟ್ರೆಲ್ಲೇ ಮೇಲು.

ಒಂದೂ ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರದಲ್ಲಿ ಮೂವರು ಬಸಿರಾಗುತ್ತಾರೆ. ವಾಸ್ತವದ ಬಳಕೆಯಲ್ಲಿ ನೂರಕ್ಕೆ ಏಳು. ವ್ಯತ್ಯಾಸವೆಲ್ಲ ಮರೆವಿನದು. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಅಂದಿನದನ್ನು ಅದರ ಹೊತ್ತಿಗೆ ನುಂಗಿದರಾಯಿತು. ಎರಡು ಅಥವಾ ಹೆಚ್ಚು ಮರೆತರೆ ಕೊನೆಯದಾಗಿ ಬಿಟ್ಟದ್ದನ್ನು ಕೂಡಲೇ ನುಂಗಿ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಮರೆತದ್ದು ಮೂರನೇ ವಾರದಲ್ಲಾದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರ ಹೊಸ ಪಟ್ಟಿಗೆ ಹೋಗಿ. ಮೊದಲ ವಾರದಲ್ಲಿ ಮರೆತು ಸಂಬಂಧವೂ ಆಗಿದ್ದರೆ ತುರ್ತು ಮಾತ್ರೆ ಬೇಕಾಗುತ್ತದೆ. ಹೀಗೆ ಆಗೊಮ್ಮೆ ಈಗೊಮ್ಮೆ ನುಂಗುವ ತುರ್ತು ಮಾತ್ರೆಗೆ ಸ್ತನ ಕ್ಯಾನ್ಸರಿನ ಭಯ ಬೇಡ. ಆದರೆ ಅದನ್ನೇ ತಿಂಗಳ ಅಭ್ಯಾಸ ಮಾಡಿಕೊಂಡರೆ ಬಸಿರು ತಪ್ಪುವ ಖಾತ್ರಿ ಇಲ್ಲ.

ಟಿಬಿ ಔಷಧಿಯ ಮಾತನ್ನು ಮುಂಬೈಯಲ್ಲಿ ಒತ್ತಿ ಹೇಳಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್, ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗ ಒಡೆದುಹಾಕುತ್ತದೆ, ಗರ್ಭ ತಡೆಯುವ ಶಕ್ತಿ ಕುಸಿಯುತ್ತದೆ. ಚಿಕಿತ್ಸೆ ನಡೆಯುವಷ್ಟು ಕಾಲ ಮತ್ತು ಮುಗಿದ ಮೇಲೆ 4 ವಾರ ಬೇರೆ ವಿಧಾನ ಬೇಕು. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಝೆಪಿನ್ ಮಾತ್ರೆಗಳದೂ ಇದೇ ಕತೆ. ಇಂಥವರಿಗೆ ಕಾಪರ್-ಟಿ ಅಥವಾ ಇಂಜೆಕ್ಷನ್ ಸರಿ.

ಪಿಸಿಓಡಿಗೆಂದು, ಅಂದರೆ ಅಂಡಾಶಯದ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆಗೆಂದು, ಮಾತ್ರೆ ತೆಗೆದುಕೊಳ್ಳುವ ಹುಡುಗಿಯರು ಅದನ್ನು ಬಿಡುವ ಮುನ್ನ ಯೋಚಿಸಬೇಕು. ತಿಂಗಳುಗಟ್ಟಲೆ ಮುಟ್ಟಾಗದೆ ಇದ್ದರೆ ಗರ್ಭಕೋಶದ ಒಳಪೊರೆ ದಪ್ಪಗಾಗುತ್ತ ಹೋಗಿ ಅಲ್ಲೇ ಕ್ಯಾನ್ಸರಿಗೆ ದಾರಿಯಾಗಬಹುದು. ವರ್ಷಕ್ಕೆ ನಾಲ್ಕು ಬಾರಿಯಾದರೂ ಮುಟ್ಟಾಗಬೇಕು. 24ರ ಹುಡುಗಿಗೆ ಸ್ತನದ ಆ ಲಕ್ಷಕ್ಕೆ ಎರಡರ ಅಪಾಯಕ್ಕಿಂತ ಇದು ಹೆಚ್ಚು ಗಮನ ಬೇಡುವ ವಿಷಯ.

ಅಂತರಾ ಇಂಜೆಕ್ಷನ್

ಪ್ರೊಜೆಸ್ಟಿನ್ ಒಂದೇ ಇರುವ ಗರ್ಭನಿರೋಧಕ ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ಮನೆಯಲ್ಲಿ ಮಾತ್ರೆಯ ಪಟ್ಟಿ ಇಡಲಾಗದವರಿಗೆ, ಅತ್ತೆಗೋ ಗಂಡನಿಗೋ ಹೇಳಲಾಗದವರಿಗೆ ಇದು ದೊಡ್ಡ ಆಸರೆ. ತಾರೀಖಿಗೆ 2 ವಾರ ಮೊದಲು ಅಥವಾ 4 ವಾರ ತಡವಾಗಿಯೂ ಹಾಕಿಸಬಹುದು. ಬೇಸಿಗೆಗೆ ಊರಿಗೆ ಹೋಗುವವರಿಗೆ ಇದು ತಿಳಿದಿರಲಿ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಶಾಖ ಕೊಡಬಾರದು, ಔಷಧಿ ಬೇಗ ಹರಡಿ ಅವಧಿಗೆ ಮೊದಲೇ ಮುಗಿದೀತು.

ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಕಾಣುತ್ತದೆ. ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟೇ ನಿಲ್ಲುತ್ತದೆ. ಅದರಿಂದ ಕೆಟ್ಟ ರಕ್ತವೇನೂ ಒಳಗೆ ಕೂಡುವುದಿಲ್ಲ, ರಕ್ತಹೀನತೆ ಇರುವವರಿಗೆ ಲಾಭವೇ. ತೂಕ ಏರುವುದುಂಟು. ಎಲುಬಿನ ಸಾಂದ್ರತೆ ಕುಗ್ಗಿ, ಬಿಟ್ಟ ಮೇಲೆ ಮರಳುತ್ತದೆ. ನಿಲ್ಲಿಸಿದ ಮೇಲೆ ಬಸಿರಾಗಲು ಹಲವು ತಿಂಗಳು ಹಿಡಿಯುವುದರಿಂದ ಮುಂದಿನ ವರ್ಷ ಮಗು ಬೇಕೆನ್ನುವವರು ಇದಕ್ಕೆ ಕೈಹಾಕಬಾರದು. ಸ್ತನದ ಲೆಕ್ಕದಲ್ಲಿ ಇದು ಮಾತ್ರೆಗೆ ಸಮ. ಮಾತ್ರೆಯನ್ನು ನಾಳೆಯೇ ನಿಲ್ಲಿಸಬಹುದು, ಚುಚ್ಚಿದ ಔಷಧಿಯನ್ನು ಹಿಂದಕ್ಕೆ ತೆಗೆಯಲಾಗದು, ಅಷ್ಟು ವ್ಯತ್ಯಾಸ.

ಹಾರ್ಮೋನ್ ವಂಕಿ

ಗರ್ಭಕೋಶದೊಳಗೆ ಕೂತು ದಿನಕ್ಕೆ ಅತ್ಯಲ್ಪ ಲೆವೊನಾರ್ಜೆಸ್ಟ್ರೆಲ್ ಬಿಡುವ ಸಾಧನ. ಸಾವಿರಕ್ಕೆ ಇಬ್ಬರಲ್ಲಷ್ಟೇ ವಿಫಲ. ಖಾಸಗಿಯಲ್ಲಿ ಸಾವಿರಾರು ರೂಪಾಯಿ, ವಿದೇಶಿ ಕಂಪನಿಯದಕ್ಕಿಂತ ಇಲ್ಲಿಯದು ಅಗ್ಗ. ಹಾರ್ಮೋನು ಒಳಗಷ್ಟೇ ಇರುತ್ತದೆ, ಎದೆಗೆ ಹೋಗುವುದಿಲ್ಲ ಎಂದು ಹೇಳುವವರಿದ್ದಾರೆ. ರಕ್ತಕ್ಕೂ ಸ್ವಲ್ಪ ಸೇರುತ್ತದೆ. 2024ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಐದು ವರ್ಷದವರೆಗೆ ಬಳಸಿದ 10,000 ಹೆಂಗಸರಲ್ಲಿ 14 ಹೆಚ್ಚುವರಿ ಪ್ರಕರಣ ಕಂಡಿತು.

ಆದರೂ 40ರ ಆಚೆ, ಮುಟ್ಟಿನಲ್ಲಿ ಗಡ್ಡೆಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ 7-8ಕ್ಕೆ ಇಳಿದವರಿಗೆ ಇದನ್ನು ಬೇಡ ಎನ್ನಲು ನಮಗೆ ಮನಸ್ಸಿಲ್ಲ. ಅಂಥವರ ಎದುರಿಗೆ ಇರುವ ಇನ್ನೊಂದು ಆಯ್ಕೆ ಹೆಚ್ಚಾಗಿ ಗರ್ಭಕೋಶ ತೆಗೆಸುವ ಆಪರೇಷನ್. 10,000ಕ್ಕೆ 14ರ ಅಪಾಯವನ್ನು ಆ ಆಪರೇಷನ್ನಿನ ಜೊತೆಗಿಟ್ಟು ತೂಗಬೇಕು. ರಕ್ತ ಹೆಚ್ಚು ಹೋಗದ, ಬರೀ ಗರ್ಭ ತಡೆಯಲೆಂದು ಬಂದ 42ರ ಹೆಂಗಸಿಗೆ ಮಾತ್ರ ಕಾಪರ್-ಟಿಯೇ ಸಾಕು ಎನ್ನುತ್ತೇವೆ.

ಹಾರ್ಮೋನ್ ಇಲ್ಲದವು

ಕರ್ನಾಟಕದ ನಮ್ಮೂರ ಕಡೆ ವಂಕಿ, ಇಲ್ಲಿ ಮಹಾರಾಷ್ಟ್ರದಲ್ಲಿ ಮರಾಠಿ ನರ್ಸಮ್ಮನ ಬಾಯಲ್ಲಿ ತಾಂಬಿ: ಕಾಪರ್-ಟಿಯ ಎರಡು ಹೆಸರು. ಸ್ತನದ ಮೇಲೆ ಇದರ ಪರಿಣಾಮ ಏನೂ ಇಲ್ಲ. 380-ಎ ಬಗೆಯದು 10 ವರ್ಷ, 375 ಬಗೆಯದು 5 ವರ್ಷ. ಮೊದಲ ವರ್ಷ ಸಾವಿರಕ್ಕೆ ಎಂಟು ಮಂದಿಯಲ್ಲಿ ವಿಫಲ. ಮುಂಬೈಯ ಕೆಇಎಂ, ಸಾಯನ್, ನಾಯರ್ ಮತ್ತು ಪಾಲಿಕೆಯ ಪ್ರಸೂತಿಗೃಹಗಳಲ್ಲಿ, ಪುಣೆಯ ಸಸೂನ್‌ನಲ್ಲಿ, ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜಿನಲ್ಲಿ ಹಾಕುತ್ತಾರೆ. ಬಸಿರಿಲ್ಲವೆಂದು ಖಾತ್ರಿಯಿದ್ದರೆ ಯಾವ ದಿನವೂ ಆದೀತು, ಮುಟ್ಟು ಶುರುವಾದ 12 ದಿನದೊಳಗಾದರೆ ಆ ಪ್ರಶ್ನೆಯೇ ಏಳುವುದಿಲ್ಲ. ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಬಹುದು. ಅಸುರಕ್ಷಿತ ಸಂಬಂಧವಾದ 5 ದಿನದೊಳಗೆ ಹಾಕಿಸಿದರೆ ತುರ್ತು ಉಪಾಯವಾಗಿಯೂ ಕೆಲಸ ಮಾಡುತ್ತದೆ.

ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ, ನೋವೂ ಜಾಸ್ತಿ. ಹೆಚ್ಚಿನವರು ತೆಗೆಸಲು ಓಡಿಬರುವುದು ಈ ಅವಧಿಯಲ್ಲೇ. ಮುಟ್ಟಿನ ದಿನಗಳಲ್ಲಿ ಊಟವಾದ ಮೇಲೆ ಐಬುಪ್ರೊಫೆನ್, ಜೊತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಬಹಳ ಮಂದಿ ದಾಟಿಬಿಡುತ್ತಾರೆ. ಕೆಲವರಲ್ಲಿ ಅದು ತಾನೇ ಜಾರಿ ಹೊರಬರುತ್ತದೆ, ಅದೂ ಮೊದಲ ತಿಂಗಳುಗಳಲ್ಲಿ. ಆದ್ದರಿಂದ ಮುಂದಿನ ಮುಟ್ಟಾದ ಮೇಲೆ ಒಮ್ಮೆ ತೋರಿಸಬೇಕು. ಮೊದಲೇ ಅತಿಯಾಗಿ ರಕ್ತ ಹೋಗುವವರಿಗೆ, ಕೆಳಹೊಟ್ಟೆಯಲ್ಲಿ ಸೋಂಕು ಇರುವವರಿಗೆ ಇದು ತಕ್ಕದ್ದಲ್ಲ. 40 ದಾಟಿ ಹಾಕಿಸಿಕೊಂಡವರು ಮುಟ್ಟು ನಿಲ್ಲುವವರೆಗೂ ಅದನ್ನೇ ಇಟ್ಟುಕೊಳ್ಳಬಹುದೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಡೊಂಬಿವಲಿಯ ಆ 38ರ ತಾಯಿಗೆ, ಬಿಪಿ ಹೇಗೇ ಇರಲಿ, ನಮ್ಮ ಮೊದಲ ಸಲಹೆ ಇದೇ.

ಛಾಯಾ ಮಾತ್ರೆಯನ್ನು ಬಹಳ ಮಂದಿ ಮಾಲಾ-ಎನ್ ಜೊತೆ ಕಲಸಿಕೊಳ್ಳುತ್ತಾರೆ. ಅದರಲ್ಲಿರುವ 30 ಮಿಲಿಗ್ರಾಂ ಸೆಂಟ್‌ಕ್ರೋಮಾನ್ ಲಖನೌದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐಯಲ್ಲಿ ಹುಟ್ಟಿದ್ದು, ಹಾರ್ಮೋನ್ ಅಲ್ಲ. ಸ್ತನದಲ್ಲಿ ಈಸ್ಟ್ರೋಜೆನ್ನಿಗೆ ಅದು ಅಡ್ಡ ನಿಲ್ಲುತ್ತದೆ, ಸ್ತನದ ನೋವಿಗೆಂದೂ ವೈದ್ಯರು ಇದನ್ನು ಬರೆಯುವುದುಂಟು. ಮುಟ್ಟಿನ ಮೊದಲ ದಿನ ಶುರು. ಮೂರು ತಿಂಗಳು ವಾರಕ್ಕೆ ಎರಡು, ಭಾನುವಾರ ಶುರುಮಾಡಿದರೆ ಇನ್ನೊಂದು ಬುಧವಾರ. ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದೇ, ಭಾನುವಾರ. ಮರೆತರೆ ನೆನಪಾದ ಕೂಡಲೇ ನುಂಗಿ ಮುಂದಿನ ಮುಟ್ಟಿನವರೆಗೆ ಕಾಂಡೋಮ್. 7 ದಿನ ಮೀರಿದರೆ ಮತ್ತೆ ಮೊದಲಿನಿಂದ. ಮುಟ್ಟಿನ ನಡುವಿನ ಅಂತರ ಉದ್ದವಾಗುತ್ತದೆ, ಮುಟ್ಟು ತನ್ನ ತಾರೀಖಿಗಿಂತ 15 ದಿನಕ್ಕೂ ಹೆಚ್ಚು ಮುಂದೆ ಹೋದರೆ ಬಸಿರಿನ ಪರೀಕ್ಷೆ ಮಾಡಿಕೊಳ್ಳಿ. ಪಿಸಿಓಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆಯಾದವರಿಗೆ ಸಲ್ಲದು.

ಕಾಂಡೋಮ್ ಸಂಬಂಧದಿಂದ ಹರಡುವ ರೋಗವನ್ನೂ ತಡೆಯುವ ಒಂದೇ ಸಾಧನ, ಆದರೆ ವಾಸ್ತವದ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ 13 ಮಂದಿ ಬಸಿರಾಗುತ್ತಾರೆ. ಮಕ್ಕಳು ಸಾಕು ಎನ್ನುವವರಲ್ಲಿ ಗಂಡಸಿನ ಆಪರೇಷನ್ನೇ ಹೆಂಗಸಿನದಕ್ಕಿಂತ ಸುಲಭ, ಸುರಕ್ಷಿತ. ಮೂರು ತಿಂಗಳು ಬೇರೆ ಉಪಾಯ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆ ನಿಶ್ಚಿಂತೆ.

ಬಾಣಂತಿಗೆ, ಮನೆತನದಲ್ಲಿ ಕ್ಯಾನ್ಸರ್ ಇದ್ದವರಿಗೆ

ಎದೆಹಾಲು ಕುಡಿಸುವಾಗ ಆರು ತಿಂಗಳವರೆಗೆ ಎರಡು ಹಾರ್ಮೋನಿನ ಮಾತ್ರೆ ಬೇಡ. ತಾಂಬಿ, ಛಾಯಾ, ಆರು ವಾರದ ನಂತರ ಅಂತರಾ, ಇಷ್ಟರಲ್ಲಿ ಆರಿಸಬಹುದು. ಹಾಲು ಕುಡಿಸುವುದೇ ಸ್ತನಕ್ಕೆ ರಕ್ಷೆ: ಒಟ್ಟು 12 ತಿಂಗಳ ಹಾಲೂಡಿಕೆಗೆ ಅಪಾಯ ಶೇಕಡಾ 4ರಷ್ಟು ಇಳಿಯುತ್ತದೆಂದು 2002ರ ದೊಡ್ಡ ವಿಶ್ಲೇಷಣೆ ತೋರಿಸಿತು.

ಚಿಕ್ಕಮ್ಮನಿಗೋ ಅಜ್ಜಿಗೋ ಮುಪ್ಪಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು ಎಂಬ ಒಂದೇ ಕಾರಣಕ್ಕೆ ಯಾವ ವಿಧಾನಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಅಡ್ಡಿ ಹೇಳುವುದಿಲ್ಲ. ತಾಯಿಗೋ ಅಕ್ಕತಂಗಿಗೋ 50ರ ಒಳಗೆ ಬಂದಿದ್ದರೆ, ಒಬ್ಬರಿಗೇ ಎರಡೂ ಕಡೆ ಬಂದಿದ್ದರೆ, ಮನೆಯಲ್ಲಿ ಅಂಡಾಶಯದ ಕ್ಯಾನ್ಸರೂ ಇದ್ದರೆ ಮಾತು ಬೇರೆ. ಆಗ ಟಾಟಾ ಮೆಮೋರಿಯಲ್‌ನ ಖಾರ್ಘರ್ ಕೇಂದ್ರದಲ್ಲಿರುವ ಅನುವಂಶೀಯ ಕ್ಯಾನ್ಸರ್ ವಿಭಾಗದಲ್ಲಿ ವಿಚಾರಿಸಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಭವ ಹೆಚ್ಚಿಸುವ ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಇರುವವರಲ್ಲಿ ಮಾತ್ರೆ ಅಂಡಾಶಯವನ್ನು ಕಾಯುತ್ತದೆ, ಆದ್ದರಿಂದ ಆ ತೀರ್ಮಾನ ವೈದ್ಯರೊಂದಿಗೆ ಕೂತೇ ಆಗಬೇಕು. ಸ್ವತಃ ಸ್ತನ ಕ್ಯಾನ್ಸರ್ ಆದವರು ಹಾರ್ಮೋನಿನ ಯಾವುದನ್ನೂ ಮುಟ್ಟಬಾರದು, ಅವರಿಗೆ ತಾಂಬಿ. ಗಂಟು ಕೈಗೆ ಸಿಕ್ಕಿದ್ದರೆ ಅದೇನೆಂದು ತಿಳಿಯುವವರೆಗೆ ಹೊಸದಾಗಿ ಹಾರ್ಮೋನ್ ಶುರುಮಾಡಬೇಡಿ.

ಯಾವುದನ್ನೇ ಆರಿಸಿ, 30 ದಾಟಿದ ಮೇಲೆ ತರಬೇತಾದ ನರ್ಸಿಂದಲೋ ವೈದ್ಯರಿಂದಲೋ ಸ್ತನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಿ. 1998ರಲ್ಲಿ ಟಾಟಾ ಮೆಮೋರಿಯಲ್ ಮುಂಬೈಯ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ ಶುರುಮಾಡಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಕೈಯಿಂದ ಮಾಡಿದ ಪರೀಕ್ಷೆಯಿಂದಲೇ ರೋಗ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು.

ಬದಲಾಯಿಸುವಾಗ

ಮಾತ್ರೆಯಿಂದ ತಾಂಬಿಗೆ ಹೋಗುವುದಾದರೆ ಮಾತ್ರೆ ನಡೆಯುತ್ತಿರುವಾಗಲೇ ಹಾಕಿಸಿ, ಆ ಪಟ್ಟಿ ಮುಗಿಸಿ ನಿಲ್ಲಿಸಿ. ಮಾತ್ರೆಯಿಂದ ಛಾಯಾಕ್ಕಾದರೆ ಪಟ್ಟಿ ಮುಗಿದು ರಕ್ತ ಕಂಡ ಮೊದಲ ದಿನ. ಅಂತರಾದಿಂದ ತಾಂಬಿಗಾದರೆ ಮುಂದಿನ ಇಂಜೆಕ್ಷನ್ನಿನ ತಾರೀಖಿನೊಳಗೆ ಯಾವಾಗಲಾದರೂ. ತಾಂಬಿಯಿಂದ ಮಾತ್ರೆಗಾದರೆ ಮೊದಲು 7 ದಿನ ಮಾತ್ರೆ ನುಂಗಿ, ಆಮೇಲೆ ತೆಗೆಸಿ. ಆಸ್ಪತ್ರೆಗೆ ಹೋಗುವಾಗ ಕೊನೆಯ ಮುಟ್ಟಿನ ತಾರೀಖು ಬರೆದುಕೊಳ್ಳಿ, ದಿನಾ ನುಂಗುವ ಔಷಧಿಗಳ ಪಟ್ಟಿಯನ್ನು ಚೀಲದಲ್ಲಿಟ್ಟುಕೊಳ್ಳಿ, ಬಿಪಿ ನೋಡದೆ ಮಾತ್ರೆ ಬರೆದರೆ ನೋಡಿ ಎಂದು ನೀವೇ ಕೇಳಿ.